ಮಾವನ ಜಿಮ್ಮಿಗೆ ಬೀಸದ ಗಾಳಿ

ನಿಶ್ ನಗರ, ಮಾರ್ಚ್ ೧೨

ಗಾಳಿ ಸೋಕಿದರೆ ಕುತ್ತಿಗೆ ಹಿಡಿಯುತ್ತದೆಂದು ರಾತ್ಕೊ ಮಾವ ತನ್ನ ಹೊಸ ಜಿಮ್ಮಿಗೆ ಫ್ಯಾನೇ ಬೇಡವೆನ್ನುತ್ತಿದ್ದ. ಅದೋ ನೆಲಮಾಳಿಗೆ. ರಬ್ಬರ್ ಹಾಸಿನ ವಾಸನೆಗೇ ತಲೆ ತಿರುಗುತ್ತದೆ. ಬೆವರೂ ಸೇರಿದರೆ ಶನಿವಾರ ಬಂದವರು ಸೋಮವಾರ ಬರುವುದಿಲ್ಲ.

ಆದ್ದರಿಂದ ವಿಜ್ಞಾನದ ಏಳಿಗೆಗಾಗಿ, ಚಾವಣಿಯ ಗಾಳಿಜಾಲರಿಗೆ ಗಂಜಿ ಹಾಕಿ ಹಾರುವ ಭಂಗಿಯಲ್ಲೇ ಗಟ್ಟಿ ಮಾಡಿದ ರಿಬ್ಬನ್ ಒಂದನ್ನು ನಾನು ಕಟ್ಟಿದೆ. ಹಾರುತ್ತಿರುವಂತೆಯೇ ಕಾಣುತ್ತಿತ್ತು. ಮಾವ ಅದರ ಕೆಳಗೆ ಬೆಂಚಿನ ಮೇಲೆ ಕೂತು, ಒಮ್ಮೆ ಮೇಲೆ ನೋಡಿ, ಕಾಲರ್ ಎತ್ತಿಕೊಂಡ.

“ಹಿಡ್ಕೊಳ್ತು ನೋಡು ಕುತ್ತಿಗೆ. ಬಡ್ಕೊಂಡೆ ನಾನು.”

“ಮಾವ, ಆ ಜಾಲರಿಗೆ ಕೊಳವೆನೇ ಕೂಡ್ಸಿಲ್ಲ. ಹಿಂದೆ ಬರೀ ಗಾರೆ.”

ಏಣಿ ಹತ್ತಿ ಮುಟ್ಟಿ ನೋಡಿದ. ಬಹಳ ಹೊತ್ತು ಇಳಿಯಲಿಲ್ಲ.

“ಫ್ಯಾನ್ ಹಾಕ್ಸು, ತರಲೆ. ರಿಬ್ಬನ್ ಮಾತ್ರ ಬೇಡ. ಕಂಡ್ರೆ ತಾನೇ ಹಿಡಿಯೋದು.”

ಗೆದ್ದವನು ನಾನು. ಆದರೆ ಈಗ ಇಲ್ಲಿ ನನ್ನ ಕೋಣೆಯ ಪರದೆ ಅಲ್ಲಾಡುತ್ತಿದೆ, ನನ್ನ ಕುತ್ತಿಗೆಯ ಎಡಗಡೆ ಯಾಕೋ... ಕಿಟಕಿ ಮುಚ್ಚಿ ಬರುತ್ತೇನೆ.