ಹಿಮ್ಮಡಿಯ ಮೇಲಿನ ಕೈ

ಅಪ್ಪ,

ಇವತ್ತು ತಂಡದ ಹೊಸ ಫಿಸಿಯೋ ನನ್ನ ಕಾಲು ನೋಡಿದರು. ಮೊನ್ನೆ ಮ್ಯಾಚ್ ಇತ್ತು. ಬೋರಲು ಮಲಗಿಸಿ, ಮೊಣಕಾಲು ಮಡಚಿಸಿ, "ನಾನು ಒತ್ತೋದನ್ನ ತಡೀರಿ ನೋಡೋಣ," ಎಂದು ಹಿಮ್ಮಡಿ ಹಿಡಿದು ಕೆಳಕ್ಕೆ ಒತ್ತಿದರು, ಥೇಟ್ ನೀನು ಒತ್ತುತ್ತಿದ್ದ ಹಾಗೆ. ಬಲಗಾಲು ಅಲುಗಲಿಲ್ಲ. ಎಡಗಾಲು ಸುಮ್ಮನೆ ಕೆಳಗೆ ಹೋಯಿತು.

"ತೊಡೆ ಹಿಂದಿನ ಹ್ಯಾಮ್‌ಸ್ಟ್ರಿಂಗ್ ಸ್ನಾಯು ಒಂದ್ಸಲ ಹರಿದ ಕಾಲಲ್ವಾ, ಮ್ಯಾಚ್ ಆದ್ಮೇಲೆ ಬಲ ವಾಪಸ್ ಬರೋದು ನಿಧಾನ. ಈ ವಾರ ಆಡೋದು ಬೇಡ," ಎಂದರು. "ಇಷ್ಟು ದಿನ ಯಾರೂ ನೋಡಿರ್ಲಿಲ್ವಾ?"

"ಅಪ್ಪ ನೋಡ್ತಿದ್ರು ಮೇಡಂ. ಅವರ ಕೈಗೆ ಈ ಕಾಲು ಸೋಲ್ತಿರ್ಲಿಲ್ಲ," ಎಂದೆ.

ಮೊದಮೊದಲು ಸೋಲುತ್ತಿತ್ತು. "ಇದೇನು ಕಾಲೋ, ಬಾಳೆದಿಂಡೋ?" ಎಂದು ನೀನು ನಗುತ್ತಿದ್ದೆ. ನಿನ್ನ ಕೊನೆಯ ತಿಂಗಳುಗಳಲ್ಲಿ ಮಾತ್ರ ಪ್ರತಿ ಸಲವೂ ನಾನೇ ಗೆದ್ದೆ. "ಕತ್ತೆ ಬಲ ಬಂತು ಕಣೋ, ಹೋಗಿ ಆಡು," ಎಂದು ನೀನು ಮಂಚ ಹಿಡಿದು ಮೆಲ್ಲಗೆ ಏಳುತ್ತಿದ್ದೆ. ನಾನು ಕುಣಿಯುತ್ತಾ ಅಮ್ಮನಿಗೆ ಹೇಳಲು ಹೋಗುತ್ತಿದ್ದೆ. ಆ ದಿನಗಳಲ್ಲಿ ನಿನ್ನ ಬೆರಳಿಗೆ ಆಗದೆ, ಅಂಗಿಯ ಗುಂಡಿ ಹಾಕುತ್ತಿದ್ದವಳು ಅಮ್ಮ.

ಇದನ್ನು ಫಿಸಿಯೋಗೆ ಹೇಳಲಿಲ್ಲ. ಸಂಜೆ ಮನೆಗೆ ಬಂದು, ನಿನ್ನ ಮಂಚದ ಮೇಲೆ ಬೋರಲು ಮಲಗಿ ಎಡಗಾಲು ಮಡಚಿದೆ. ಸ್ವಲ್ಪ ಹೊತ್ತಿಗೆ ಹಿಮ್ಮಡಿಯ ಮೇಲೆ ನಿನ್ನ ಅಂಗೈ ಬಂದು ಕೂತಿತು. ಈ ಸಲ ಗೆಲ್ಲಲು ಹೋಗಲಿಲ್ಲ ಅಪ್ಪ. ನೀನು ಕೈ ತೆಗೆಯಬಾರದೆಂದು, ಅಮ್ಮ ದೀಪ ಹಾಕುವವರೆಗೂ ಹಾಗೇ ಮಲಗಿದ್ದೆ.