ಜೂಕ್‌ಬಾಕ್ಸಿನ ಜೋಗುಳ

ಸನ್ನಿವೇಲ್, ಅಮೆರಿಕ
೧೧ ಮಾರ್ಚ್ ೧೯೮೪

ಅಪ್ಪನಿಗೆ ನಮಸ್ಕಾರ.

ನಾವೆಲ್ಲ ಕ್ಷೇಮ ಎಂದು ಶುರು ಮಾಡಲು ಈ ಸಲ ನನಗೆ ಮುಖವಿಲ್ಲ.

ಮೊನ್ನೆ ಡೇಕೇರಿನಲ್ಲಿ ಬಿಡುವಾಗ ಮಗು ಅಳು ನಿಲ್ಲಿಸಲಿಲ್ಲ. ನೀವು ನನಗೆ ಹಾಡುತ್ತಿದ್ದ ಇಂಗ್ಲಿಷ್ ಜೋಗುಳವನ್ನು ನೆನಪಿದ್ದಷ್ಟು ಗುನುಗಿದೆ. ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಮುದುಕಿ ಡೊರಥಿ ನಕ್ಕುಬಿಟ್ಟಳು. "ಮಗೂಗೆ ಹಾಡೋ ಹಾಡಾ ಇದು? ಯುದ್ಧದ ಕಾಲದಲ್ಲಿ ಯಾವ ಬಾರ್‌ಗೆ ಹೋದ್ರೂ, ಕಾಸು ಹಾಕಿದ್ರೆ ಹಾಡೋ ಜೂಕ್‌ಬಾಕ್ಸಲ್ಲಿ ಇದೇ!" ಎಂದವಳು ಮರುದಿನ ತನ್ನ ಹಳೆಯ ರೆಕಾರ್ಡು ತಂದು ಹಾಕಿದಳು.

ದಂಡಿನ ಸೋಲ್ಜರುಗಳ ಕ್ಯಾಂಟೀನಿನಲ್ಲಿ ಲೋಟ ತೊಳೆಯುತ್ತ ನೀವು ಕಲಿತದ್ದು ಇದನ್ನೇ ಅಲ್ಲವೇ? ಹಾಡಿನಲ್ಲಿ ಹೆಂಡತಿ ಬೇರೊಬ್ಬನ ಜೊತೆ ಹೋಗಿರುತ್ತಾಳೆ. ಅವಳನ್ನು ಯಾರೂ ಬೈಯಬೇಡಿ ಎಂದು ಗಂಡ ಊರವರನ್ನು ಬೇಡಿಕೊಳ್ಳುತ್ತಾನೆ. ಅಮ್ಮ ಮನೆ ಬಿಟ್ಟ ಮೇಲೆಯೇ ನೀವು ಇದನ್ನು ಹಾಡಿ ನನ್ನನ್ನು ಮಲಗಿಸತೊಡಗಿದ್ದು. ಜೋಗುಳದ ಅರ್ಥ ಯಾರು ಕೇಳುತ್ತಾರೆ? ನನಗೆ ಅದರ ಸದ್ದಷ್ಟೇ ನೆನಪಿತ್ತು.

ಅಮ್ಮನನ್ನು ನೀವೇ ಹೊಡೆದು ಓಡಿಸಿದಿರಿ ಎಂದು ಅಮ್ಮನ ಕಡೆಯ ಅಜ್ಜಿ ಹೇಳಿದ್ದನ್ನು ನಂಬಿದೆ. ಮಗುವಿನ ನಾಮಕರಣಕ್ಕೆ ಬರುವುದು ಬೇಡ ಎಂದು ನಿಮಗೆ ಬರೆದೆ. "ಆಗಲಿ ಮಗು" ಎಂದಷ್ಟೇ ಉತ್ತರಿಸಿದಿರಿ. ನನ್ನ ಆ ಕಾಗದ ಇನ್ನೂ ಇದ್ದರೆ ದಯವಿಟ್ಟು ಹರಿದುಹಾಕಿ.

ಟಿಕೆಟ್ ಕಳಿಸುತ್ತಿದ್ದೇವೆ. ಇಲ್ಲಿ ಏಪ್ರಿಲಿನಲ್ಲೂ ಚಳಿ, ಸ್ವೆಟರು ಮರೆಯಬೇಡಿ. ಮೊಮ್ಮಗನನ್ನು ನೀವೇ ಮಲಗಿಸಬೇಕು. ಹಾಡು ಮಾತ್ರ ಬೇರೆ ಯಾವುದಾದರೂ ಇರಲಿ ಅಪ್ಪ. ಈಗ ನನಗೆ ಇಂಗ್ಲಿಷ್ ಅರ್ಥವಾಗುತ್ತದೆ.

ನಿಮ್ಮ
ಪದ್ಮಜಾ