ಮೂಡುಸೀಮೆಯ ಹಸಿರು ಪಟ್ಟಿ

ಮೂಡುಸೀಮೆ
ಫೆಬ್ರವರಿ ೩೦, ೨೧೮೭

ಅಂಗನವಾಡಿಯಲ್ಲಿ ಮಕ್ಕಳ ತೋಳು ಅಳೆಯುವ ಅಕ್ಕನವರಿಗೆ,

ಈ ತಾರೀಖು ನಿಮಗೆ ತಪ್ಪೆನಿಸಬಹುದು. ಅಳತೆಗೆ ಅನುಕೂಲವಾಗಲೆಂದು ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಕೆಲವು ಮಾತುಗಳೂ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ನನ್ನ ಹೆಸರು ಹುಲಿಗೆಮ್ಮ. ನೀವು ಮಾಡುವ ಕೆಲಸವನ್ನೇ ನೂರೈವತ್ತಕ್ಕೂ ಹೆಚ್ಚು ವರ್ಷಗಳ ನಂತರ ಮಾಡುತ್ತಿರುವವಳು.

ನಾಡನ್ನು ಈಗ ಸೀಮೆಗಳಾಗಿ ಹಂಚಿದ್ದಾರೆ. ಪಡುಸೀಮೆಯ ಮಕ್ಕಳಿಗೆ ಹಾಲು, ಮೊಟ್ಟೆ. ನಮ್ಮ ಮೂಡುಸೀಮೆಯಲ್ಲಿ ಪಾಚಿಹಿಟ್ಟಿನ ಗಂಜಿ. ಕೆರೆಯ ಪಾಚಿ ಒಣಗಿಸಿ ಬೀಸಿದ ಪುಡಿ ಅದು. ಇಲ್ಲಿನ ಹೆಂಗಸರು ಬೆಳಗಿನಿಂದ ಸಂಜೆವರೆಗೆ ಸೋಲಾರ್ ಪ್ಲೇಟು ಒರೆಸುತ್ತಾರೆ, ಆ ಕರೆಂಟೆಲ್ಲ ಪಡುಸೀಮೆಗೆ ಹೋಗುತ್ತದೆ. ನಿಮ್ಮ ಕಾಲದ ಹಾಗೆ ಮೊದಲು, ಸುತ್ತಿ ದಪ್ಪ ಅಳೆಯುವ ತೋಳುಪಟ್ಟಿ ಎಲ್ಲರಿಗೂ ಒಂದೇ ಇತ್ತಂತೆ: ತೋಳು ಸಣಕಲಾಗಿ ಕೆಂಪು ಬಂದರೆ ಆಸ್ಪತ್ರೆ, ಹಸಿರು ಬಂದರೆ ಆರೋಗ್ಯ. ಪ್ರತಿ ವರ್ಷವೂ ಕೆಂಪೆಲ್ಲ ನಮ್ಮ ಕಡೆಯೇ ಬೀಳುತ್ತಿತ್ತು. ಈ ಅಂತರ ನಾಚಿಕೆಗೇಡೆಂದು ಮೇಲಿನವರು ಸಭೆ ಮೇಲೆ ಸಭೆ ನಡೆಸಿ, ಕೊನೆಗೆ ಪ್ರತಿ ಸೀಮೆಗೂ ಬೇರೆ ಬೇರೆ ಪಟ್ಟಿ ಮಾಡಿಸಿದರು. ಪಡುಸೀಮೆಯ ಪಟ್ಟಿಯಲ್ಲಿ ಕಡುಗೆಂಪು ಇರುವಲ್ಲಿ ನಮ್ಮದು ಹಸಿರಾಗಿದೆ.

ದ್ಯಾಮವ್ವ ಪ್ಲೇಟು ಒರೆಸುವವಳು. ಎರಡು ವರ್ಷದ ಹಿಂದೆ ತನ್ನ ಮೂರು ವರ್ಷದ ಮಗಳು ಗಂಗಿಯನ್ನು ಅಳತೆಗೆ ತಂದಳು. ಮಗುವಿನ ತೋಳು ನನ್ನ ಎರಡು ಬೆರಳಿನಷ್ಟು ದಪ್ಪ. ಪಟ್ಟಿ ಹಸಿರು ತೋರಿಸಿತು.

"ಹಸರು ಬಂತಲ್ರೀ ಅಕ್ಕಾರ? ಮತ್ತ ಯಾಕ ಏಳವಲ್ಲದು ಇದು, ದಿನಾ ಮಲಗೇ ಇರ್ತೈತಿ" ಎಂದು ಕೇಳಿದಳು.

"ಹಸರೈತಿ. ಚಿಂತಿ ಮಾಡಬ್ಯಾಡ" ಎಂದೆ.

ಅವಳು ನಕ್ಕು ಕೆಲಸಕ್ಕೆ ಹೋದಳು. ನಾನು ತರಬೇತಿ ಪಡೆದದ್ದು ಪಡುಸೀಮೆಯಲ್ಲಿ. ಅಲ್ಲಿನ ಪಟ್ಟಿಗೆ ಈ ತೋಳು ಕೆಂಪೆಂದು ಗೊತ್ತಿದ್ದೇ ಸುಳ್ಳು ಹೇಳಿದ್ದೆ.

ಹದಿನೈದು ದಿನಕ್ಕೆ ಗಂಗಿ ಗಂಜಿ ನುಂಗುವುದನ್ನೂ ಬಿಟ್ಟಳು. ಆಗ ತಡೆಯಲಾಗದೆ ತಾಯಿ ಮಗಳನ್ನು ಬಸ್ಸು ಹತ್ತಿಸಿಕೊಂಡು ಪಡುಸೀಮೆಯ ಆಸ್ಪತ್ರೆಗೆ ಹೋದೆ. ಅಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ಮಗುವನ್ನು ಮೆಲ್ಲಗೆ ಎತ್ತಿಕೊಂಡು ತನ್ನ ಪಟ್ಟಿ ಸುತ್ತಿದಳು. ಕೆಂಪು. ಆಮೇಲೆ ಚೀಟಿಯಲ್ಲಿ ನಮ್ಮ ಸೀಮೆಯ ಹೆಸರು ನೋಡಿ, ಡ್ರಾಯರಿನಿಂದ ಮೂಡುಸೀಮೆಯ ಪಟ್ಟಿ ತೆಗೆದು ಮತ್ತೆ ಸುತ್ತಿದಳು. ಹಸಿರು. ನಾನು ಅವಳನ್ನು ಬಾಗಿಲಾಚೆ ಕರೆದು ಬೇಡಿಕೊಂಡೆ.

"ನನಗೂ ಕಾಣತ್ತೆ ಅಮ್ಮ. ಆದರೆ ಹಸಿರು ಮಗೂಗೆ ಹಾಸಿಗೆ ಕೊಡೋ ಹಾಗಿಲ್ಲ" ಎಂದಳು. ಒಳಗೆ ಬಂದು ದ್ಯಾಮವ್ವನಿಗೆ, ಮಗು ಆರೋಗ್ಯವಾಗಿದೆ ಎಂದಳು.

ದ್ಯಾಮವ್ವ ಕೈಮುಗಿದಳು. ಒಳ್ಳೆಯ ಸುದ್ದಿ ಹೇಳಿದ್ದಕ್ಕೆ.

ವಾಪಸು ಬರುವಾಗ ಬಸ್ಸಿನಲ್ಲೇ ಗಂಗಿ ತೀರಿಕೊಂಡಳು. ಮಲಗಿದ್ದಾಳೆಂದುಕೊಂಡು ತಾಯಿ ಊರು ಬರುವವರೆಗೂ ಸೆರಗಿನಿಂದ ಗಾಳಿ ಹಾಕುತ್ತಿದ್ದಳು.

ಹಸಿರು ಮಗು ಹಸಿವಿನಿಂದ ಸಾಯುವಂತಿಲ್ಲ. ಹಾಗಾಗಿ ಮೇಲಿನವರು ಸಾವಿನ ಕಾರಣ 'ತಾಯಿಯ ಅಲಕ್ಷ್ಯ' ಎಂದು ಬರೆಯಲು ಹೇಳಿದರು. ಬರೆದೆ. ಓದು ಬಾರದ ದ್ಯಾಮವ್ವ ಅದರ ಕೆಳಗೆ ಹೆಬ್ಬೆಟ್ಟು ಒತ್ತಿದಳು. ಆ ವರ್ಷ ಸೀಮೆ ಸೀಮೆಗಳ ಮಕ್ಕಳ ಆರೋಗ್ಯದಲ್ಲಿ ಅಂತರವೇ ಉಳಿದಿಲ್ಲವೆಂದು ಘೋಷಣೆಯಾಯಿತು. ಅಳತೆಗಾರ್ತಿಯರಿಗೆಲ್ಲ ಶಾಲು ಹೊದಿಸಿದರು. ನನಗೂ ಹೊದಿಸಿದರು.

ಅಕ್ಕ, ನಿಮ್ಮ ಹತ್ತಿರ ಇನ್ನೂ ಒಂದೇ ಪಟ್ಟಿ ಇದೆ. ಒಂದು ದಿನ ಯಾರಾದರೂ ಸಭ್ಯರು ಬಂದು, ಈ ಕಡೆಯ ಮಕ್ಕಳು ಹುಟ್ಟಿನಿಂದಲೇ ಸಣ್ಣ, ಅವರಿಗೆ ಅವರದೇ ಅಳತೆಯಿರಲಿ ಎಂದಾರು. ಒಪ್ಪಬೇಡಿ. ನಿಮ್ಮ ಊರಿಗೆ ಎಷ್ಟು ಕೆಟ್ಟ ಹೆಸರು ಬಂದರೂ ಕೆಂಪನ್ನು ಕೆಂಪೆಂದೇ ಬರೆಯಿರಿ.

ನನ್ನಿಂದ ಅದು ಆಗಲಿಲ್ಲ. ದ್ಯಾಮವ್ವನಿಗೆ ಈಗ ಇನ್ನೊಂದು ಹೆಣ್ಣುಮಗು. ನಾಳೆ ಅಳತೆಗೆ ತರುತ್ತಾಳೆ. ಬೇರೆ ಯಾರ ಕೈಗೂ ಕೊಡುವುದಿಲ್ಲ, ಹುಲಿಗೆಮ್ಮ ಅಕ್ಕಾರೇ ನೋಡಬೇಕು ಅನ್ನುತ್ತಾಳೆ.

ಹುಲಿಗೆಮ್ಮ,
ಅಳತೆಗಾರ್ತಿ